ಚೀಟಿ ಅಂಟಿಸುವ ಪಾಠ

ಮೈದುನ ಅಳತೆಯ ಟೇಪು ಹಿಡಿದು ಒಳಗೆ ಬಂದಾಗ ಟ್ಯೂಷನ್ ಮಕ್ಕಳು ಕೋಣೆಯ ತುಂಬ ಚೀಟಿ ಅಂಟಿಸುತ್ತಿದ್ದರು. ಯಾವುದು ಯಾರದು ಎಂದು ಇಂಗ್ಲಿಷಿನಲ್ಲಿ ಬರೆಯುವುದನ್ನು ಅವಳು ಕಲಿಸುತ್ತಿದ್ದದ್ದೇ ಹೀಗೆ. ಮೊದಲು ಹೆಸರು, ಅದರ ಕೊನೆಗೆ ಮೇಲುಗಡೆ ನೇತುಬಿದ್ದ ಒಂದು ಅಲ್ಪವಿರಾಮ, ಪಕ್ಕದಲ್ಲಿ ಎಸ್, ಆಮೇಲೆ ವಸ್ತು. ಬರೆದದ್ದು ಸರಿಯಾಗಿದ್ದರೆ ಆ ವಸ್ತುವಿಗೇ ಅಂಟಿಸಬಹುದು.

ಮಕ್ಕಳ ಲೆಕ್ಕದಲ್ಲಿ ಅಲ್ಲಿದ್ದದ್ದೆಲ್ಲ ಇನ್ನೂ ಸರ್ ಅವರದೇ, ಅಂದರೆ ಅವಳ ಗಂಡನದೇ. ಸರ್ಸ್ ಟೇಬಲ್. ಸರ್ಸ್ ಹೆಲ್ಮೆಟ್. ಸರ್ಸ್ ರೇಡಿಯೋ. ಸರ್ ತೀರಿಕೊಂಡದ್ದು ಗೊತ್ತಿಲ್ಲವೆಂದಲ್ಲ. ಅವಳೂ ತಿದ್ದಲು ಹೋಗಲಿಲ್ಲ.

“ನೀವು ಪಾಠ ಮಾಡಿ ಅತ್ತಿಗೆ, ನಾನೇನು ಅಡ್ಡ ಬರಲ್ಲ,” ಎಂದು ಮೈದುನ ಗೋಡೆಯುದ್ದಕ್ಕೂ ಟೇಪು ಎಳೆದ. “ಒಂದನೇ ತಾರೀಖಿಂದ ಮೊಬೈಲ್ ರಿಪೇರಿಯವನು ಬರ್ತಾನೆ. ಕೌಂಟರ್ ಎಲ್ಲಿ ಕೂರುತ್ತೆ ನೋಡ್ಬೇಕು.”

“ಮಕ್ಕಳು ಎಲ್ಲಿ ಕೂರ್ಬೇಕು?”

“ಅವರವರ ಮನೇಲಿ.” ಬಾಗಿಲಿಗೊರಗಿ ನಿಂತಿದ್ದ ಅತ್ತೆ ಹೇಳಿದರು.

ದಿನದಲ್ಲಿ ಒಂದಿಷ್ಟು ಹೊತ್ತು ಅವಳ ಮಾತಿಗೆ ಬೆಲೆಯಿದ್ದದ್ದು ಈ ಕೋಣೆಯಲ್ಲಿ ಮಾತ್ರ. ಇದೂ ಕೈತಪ್ಪಿದರೆ ಉಳಿಯುವುದು ಅಡುಗೆಮನೆಯ ನಾಲ್ಕು ಗೋಡೆ.

“ಈ ಕೋಣೆ ಅವರು ನನಗೆ ಅಂತಾನೇ ಕಟ್ಸಿದ್ದು ಅತ್ತೆ.”

“ಹೌದಾ? ಕಟ್ಸಿದೋನನ್ನ ಕರಿ, ಕೇಳೋಣ.”

ಸೀಮೆಸುಣ್ಣ ಅವಳ ಬೆರಳುಗಳ ನಡುವೆ ಪುಡಿಯಾಯಿತು. ಮೈದುನ ಟೇಬಲ್ಲನ್ನು ಬದಿಗೆ ನೂಕಿ ಅದರ ಚೀಟಿ ಕಿತ್ತ. ಹೆಲ್ಮೆಟ್ಟಿನದು ಕಿತ್ತ. ರೇಡಿಯೋದ್ದು ಹರಿದೇ ಬಂತು. ಎಲ್ಲವನ್ನೂ ಮುದ್ದೆ ಮಾಡುತ್ತ ಕೋಣೆ ಸುತ್ತಿದ.

“ಮಿಸ್, ನಂದು ಕರೆಕ್ಟಾಗಿತ್ತಲ್ಲ, ಯಾಕೆ ಕಿತ್ರು?” ಹುಡುಗನೊಬ್ಬ ಅಳುಮೋರೆ ಮಾಡಿದ.

“ಕರೆಕ್ಟಾಗೇ ಇತ್ತು ಮರಿ.”

ಎಲ್ಲರಿಗಿಂತ ಚಿಕ್ಕ ಹುಡುಗಿಗೆ ಬರೆಯುವುದು ನಿಧಾನ. ಅವಳು ಚೀಟಿ ಮುಗಿಸಿ ಎದ್ದು, ಯಾರನ್ನೂ ಕೇಳದೆ ನೇರವಾಗಿ ಬಂದು ಮಿಸ್ ಭುಜಕ್ಕೆ ಒತ್ತಿ ಅಂಟಿಸಿದಳು. ಸರ್ಸ್ ವೈಫ್. ನೇತುಬಿದ್ದ ಅಲ್ಪವಿರಾಮ ಇರಬೇಕಾದಲ್ಲೇ ಇತ್ತು.

“ಗುಡ್,” ಎಂದಳು ಅವಳು.

ಮೈದುನ ಕೀಳುತ್ತ ಕೀಳುತ್ತ ಅವಳವರೆಗೂ ಬಂದ. ಅದೇ ಓಘದಲ್ಲಿ ಭುಜದತ್ತ ಚಾಚಿದ ಕೈ, ಓದಿದ್ದೇ ತಡ, ಗಾಳಿಯಲ್ಲೇ ನಿಂತಿತು.

“ಕೀಳು,” ಎಂದಳು. “ಎಲ್ಲಾನೂ ಕಿತ್ತಿದೀಯಲ್ಲ.”

ಅವನು ತಾಯಿಯ ಮುಖ ನೋಡಿದ.

“ಅದೊಂದಿರಲಿ ಬಿಡೋ,” ಎಂದರು ಅತ್ತೆ, ಒಳಗೆ ಹೊರಳುತ್ತ. “ಮನೆಕೆಲಸಕ್ಕೆ ಒಬ್ರು ಬೇಡ್ವಾ?”