ಅರವತ್ತೊಂದು ಕಿಲೋಮೀಟರು, ಒಂದು ಗಂಟೆ ಹತ್ತು ನಿಮಿಷ

ಹತ್ತಿರದ ದಾರಿ ಕಣ್ಣೆದುರೇ ಇರುವಾಗ ಸುತ್ತುದಾರಿ ಹಿಡಿಯುವ ಚಾಲಕನನ್ನು ನೀವು ಎಷ್ಟು ಸಲ ಬಾಯಿ ಮುಚ್ಚಿಕೊಂಡು ಸಹಿಸಿಲ್ಲ?

ಕಾರಿನ ಹಿಂದಿನ ಸೀಟಿನಲ್ಲಿದ್ದ, ಬಟ್ಟೆ ಹೊಲಿದು ಬದುಕುವ ಹೊಲಿಗೆಯಾಕೆ ಸಹಿಸಲಿಲ್ಲ.

"ಏನಪ್ಪಾ, ಎಡಕ್ಕೆ ಯಾಕೆ ತಿರುಗಿಸಿದೆ? ಸೇತುವೆ ಬಲಕ್ಕಲ್ವಾ?"

ಚಾಲಕ ಕನ್ನಡಿಯಲ್ಲಿ ಒಮ್ಮೆ ನೋಡಿದ. ಗಾಡಿ ಎಡಕ್ಕೇ ಓಡಿತು.

ಸಣ್ಣ ನಿಲ್ದಾಣದ ಬೆಳಗಿನ ವಿಮಾನ ಕೆಟ್ಟು ನಿಂತಿತ್ತು. ನೆರೆಯ ನಿಲ್ದಾಣದಿಂದ ಹನ್ನೊಂದೂ ಮುಕ್ಕಾಲಿಗೆ ಇನ್ನೊಂದಿದೆ ಎಂದು ವಿಮಾನ ಕಂಪನಿಯವರು ಇಬ್ಬರನ್ನು ಈ ಕಾರಿಗೆ ಹತ್ತಿಸಿದ್ದರು: ಹಿಂದೆ ಹೊಲಿಗೆಯಾಕೆ, ಮುಂದೆ ಕನ್ನಡಕದ ಮಹಾಶಯ. ನಿಲ್ದಾಣದ ಗೋಡೆಯ ಮೇಲೆ ದಪ್ಪಕ್ಷರದ ಫಲಕವಿತ್ತು: ಎರಡು ನಿಲ್ದಾಣಗಳ ನಡುವೆ ಹೊಸ ಸೇತುವೆಯ ಮೂಲಕ ಅರವತ್ತೊಂದು ಕಿಲೋಮೀಟರು, ಒಂದು ಗಂಟೆ ಹತ್ತು ನಿಮಿಷ, ಹಳೆಯ ರಸ್ತೆಯಲ್ಲಿ ನೂರಹದಿನೆಂಟು, ಮೂರು ಗಂಟೆ. ಹೊರಟಾಗ ಸಮಯ ಒಂಬತ್ತೂವರೆ.

ವಿಮಾನ ಇಳಿಯುವ ಊರಿನಲ್ಲಿ ಮಧ್ಯಾಹ್ನ ಮೂರಕ್ಕೆ ಆಕೆಯ ತಂಗಿಗೆ ಹೃದಯದ ಶಸ್ತ್ರಚಿಕಿತ್ಸೆ. ಉಳಿಯುವುದು ಅರ್ಧಕ್ಕರ್ಧ ಎಂದಿದ್ದರು ವೈದ್ಯರು. ಹದಿನೇಳು ವರ್ಷ ಮಾತು ಬಿಟ್ಟಿದ್ದ ತಂಗಿ ನಿನ್ನೆ ತಾನಾಗಿ ಫೋನ್ ಮಾಡಿದ್ದಳು: "ಒಳಗೆ ಹೋಗೋ ಮುಂಚೆ ನಿನ್ನ ಮುಖ ನೋಡ್ಬೇಕು ಅಕ್ಕಾ."

"ನಿನಗೂ ಅಕ್ಕತಂಗಿ ಇದಾರಾ, ಇಲ್ಲಾ ಬಂಡೆಗಲ್ಲಿಗೆ ಹುಟ್ಟಿದೀಯಾ? ತಿರುಗಿಸು ಗಾಡಿ!"

ಚಾಲಕನ ಕಿವಿಗಳು ಕೆಂಪಾದವು. ಕಾರು ತಿರುಗಲಿಲ್ಲ.

ಮಹಾಶಯ ಹಿಂದಕ್ಕೆ ಹೊರಳಿ ಮರುಕದಿಂದ ತಲೆಯಾಡಿಸಿದ. "ಇವರ ಹಣೆಬರಹವೇ ಇಷ್ಟಮ್ಮಾ. ಅಂಥಾ ಸೇತುವೆ ಕಟ್ಟಿಸಿ ಕೊಟ್ಟರೂ ಬುದ್ಧಿ ಬರಲ್ಲ."

"ನೀವಾದ್ರೂ ಗದರಿಸಿ ಸ್ವಾಮಿ!"

"ಹೇಳೋದು ಹೇಳಿ ಆಗಿದೆ," ಎಂದು ಆತ ಸೀಟಿಗೊರಗಿ ಕಣ್ಣು ಮುಚ್ಚಿದ.

ಹನ್ನೆರಡೂವರೆಗೆ ಕಾರು ಎರಡನೆಯ ನಿಲ್ದಾಣ ಮುಟ್ಟಿತು. ವಿಮಾನ ಹೋಗಿ ಮುಕ್ಕಾಲು ಗಂಟೆಯಾಗಿತ್ತು, ಮುಂದಿನದು ನಾಳೆ. ಮಹಾಶಯ ಮೈಮುರಿದು ಇಳಿದು, ಫೋನ್ ತೆಗೆದು ಕಂಬದ ಮರೆಗೆ ಹೋದ. ಆಕೆ ಚಾಲಕನ ಕಿಟಕಿಗೆ ಬಡಿದಳು.

"ನಿನ್ನ ಮೇಲೆ ದೂರು ಬರೀತೀನಿ. ನನ್ನ ತಂಗಿಗೆ ಏನಾದ್ರೂ ಆದ್ರೆ ನಿನ್ನ ಸುಮ್ಮನೆ ಬಿಡಲ್ಲ!"

ಚಾಲಕ ಸ್ಟೀರಿಂಗಿನಿಂದ ಕೈ ತೆಗೆಯದೆ ನುಡಿದ: "ಬರೀರಮ್ಮಾ. ಆದ್ರೆ ದಾರಿ ಆರಿಸಿದ್ದು ನಾನಲ್ಲ. ನೀವು ಹತ್ತೋ ಮುಂಚೆನೇ ಆ ಕನ್ನಡಕದವರು ಹೇಳಿದ್ರು, ಹಳೇ ರಸ್ತೇಲೇ ಹೋಗು ಅಂತ. ದೊಡ್ಡ ಅಧಿಕಾರಿಯಂತೆ. ಬಾಯಿ ಬಿಟ್ರೆ ಲೈಸೆನ್ಸ್ ಹೋಗುತ್ತೆ ಅಂದ್ರು."

ಮೂರು ಗಂಟೆ ತನ್ನ ಗೋಳು ಕೇಳುತ್ತ, ಚಾಲಕನಿಗೆ ಬಿದ್ದ ಬೈಗುಳಕ್ಕೆ ತಲೆದೂಗುತ್ತ ಕುಳಿತಿದ್ದವನನ್ನು ಹಿಡಿದು ಕೇಳಲೆಂದು ಆಕೆ ದುಡುದುಡು ಕಂಬದತ್ತ ನಡೆದಳು. ಆತ ಬೆನ್ನು ತಿರುಗಿಸಿ ಹೆಂಡತಿಯೊಡನೆ ಮೆಲುದನಿಯಲ್ಲಿ ಮಾತನಾಡುತ್ತಿದ್ದ.

"ಪಾಪುನ ಕರ್ಕೊಂಡು ಕಾರಲ್ಲಿ ಬಾ. ಸೇತುವೆ ಕಡೆ ಮಾತ್ರ ತಲೆ ಹಾಕಬೇಡ... ಅಯ್ಯೋ, ಗಟ್ಟಿಯಾಗಿದೆ ಅಂತ ಸಹಿ ಹಾಕಿದ್ದು ನಾನೇ ಕಣೇ, ಅದಕ್ಕೇ ಹೇಳ್ತಿರೋದು!"

ಓದುಗರೇ, ನಿಮ್ಮೂರಿನ ಸೇತುವೆಗೆ ಸಹಿ ಹಾಕಿದವನು ಯಾವ ದಾರಿಯಲ್ಲಿ ಮನೆಗೆ ಹೋಗುತ್ತಾನೆಂದು ದಯವಿಟ್ಟು ಇಂದೇ ನೋಡಿ ಬನ್ನಿ.