ಅರ್ಧ ಈರುಳ್ಳಿ

ಕಾದ ಹಂಚಿಗೆ ಈರುಳ್ಳಿ ಉಜ್ಜಿದ ವಾಸನೆ ಬಂದರೆ ಇಂದಿಗೂ ನನ್ನ ಕಣ್ಣು ಮೊದಲು ಆ ಈರುಳ್ಳಿಯನ್ನು ಹುಡುಕುತ್ತದೆ.

ಅವತ್ತು ಹೊಸದುರ್ಗದ ಅತ್ತೆಯ ಮನೆಯಲ್ಲಿ ಬೆಳಗಿನ ತಿಂಡಿಗೆ ಆಮ್ಲೆಟ್. ಮೊಟ್ಟೆ ತಿಂದರೆ ತುಟಿ ಊದಿ ಉಸಿರು ಕಟ್ಟುತ್ತಿದ್ದ ನನ್ನ ತಂಗಿಗೆ ಮಾತ್ರ ದೋಸೆ.

"ಹಿಟ್ಟು ಬ್ಯಾರೆ, ಹಂಚೂ ಬ್ಯಾರೆ ಐತೆ. ಎಷ್ಟಂತ ಹೆದರ್ತೀರಿ ಅತ್ತಿಗೆ!" ಎಂದು ಅತ್ತೆ ಅಮ್ಮನನ್ನು ನೋಡಿ ನಕ್ಕರು.

ತಂಗಿ ತುತ್ತು ಮುರಿದು ಬಾಯಿಗಿಟ್ಟಳು. ಅತ್ತೆ ಎರಡನೇ ದೋಸೆಗೆ ಹಂಚು ಉಜ್ಜತೊಡಗಿದರು. ಆಮ್ಲೆಟ್ ಹಂಚಿಗೆ ಉಜ್ಜಿದ್ದ ಅದೇ ಅರ್ಧ ಈರುಳ್ಳಿ. ಅಂಚಿಗೆ ಹಳದಿ ಚೂರು ಅಂಟಿತ್ತು.

"ಲೇ, ಉಗುಳೇ!" ಅಮ್ಮ ಕೂಗಿದಳು.

ಬಾಯಿ ತೊಳೆಸಿ, ತಂಗಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಅವಳ ತುಟಿಯನ್ನೇ ನೋಡುತ್ತಿದ್ದಳು. ಯಾರೂ ತಿನ್ನಲಿಲ್ಲ. ಆಮ್ಲೆಟ್ ತಣ್ಣಗಾಯಿತು.

ತುಟಿ ಊದಲಿಲ್ಲ. "ಅತ್ತೆ, ನನ್ ದ್ವಾಸೆ?" ಎಂದಳು ತಂಗಿ.

ಅತ್ತೆ ಹಂಚು ತಿಕ್ಕಿ ತೊಳೆದರು. ಹೊಸ ಈರುಳ್ಳಿಯನ್ನೂ ಈಳಿಗೆಯನ್ನೂ ಅಮ್ಮನ ಮುಂದಿಟ್ಟರು.

"ನೀವೇ ಹೆಚ್ರಿ, ಅತ್ತಿಗೆ."