ಎದುರು ಕುರ್ಚಿಯಲ್ಲಿ ಅಮ್ಮ

ಸಂದರ್ಶನದ ಕೋಣೆಗೆ ಕಾಲಿಟ್ಟ ಇಟ್ಸೆಲ್ ಬಾಗಿಲಲ್ಲೇ ನಿಂತುಬಿಟ್ಟಳು. ದುಂಡು ಮೇಜಿನ ಆಚೆ ಬದಿಯಲ್ಲಿ, ಉಳಿದ ಅಭ್ಯರ್ಥಿಗಳ ನಡುವೆ, ಅವಳ ಅಮ್ಮ ರೊಸೌರಾ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು.

ಅಮೆರಿಕದ ಯಾಕಿಮಾ ಎಂಬ ತಮ್ಮ ಊರಿನ ಎರಡು ವರ್ಷದ ಕಾಲೇಜನ್ನು ತಾಯಿ ಮಗಳು ಒಟ್ಟಿಗೇ ಮುಗಿಸುತ್ತಿದ್ದರು. ಬೆಟ್ಟದಾಚೆಯ ನಗರದ ವಿಶ್ವವಿದ್ಯಾಲಯದಲ್ಲಿ ಬಿಸಿನೆಸ್ ಪದವಿಯ ಮೂರನೇ ವರ್ಷಕ್ಕೆ ನೇರವಾಗಿ ಸೇರಲು ಇಬ್ಬರೂ ಅರ್ಜಿ ಹಾಕಿದ್ದರು. ಬೇರೆ ಕಾಲೇಜಿನಿಂದ ಬರುವವರಿಗೆ ಅಲ್ಲಿ ಸೀಟು ಬೆರಳೆಣಿಕೆಯಷ್ಟು. ಅಮ್ಮನ ಸರದಿ ಮಧ್ಯಾಹ್ನವಿತ್ತು. ಮಧ್ಯಾಹ್ನದ ಗುಂಪಿಗೆ ಜನ ಸಾಲದೆ ಅವಳನ್ನು ಬೆಳಗಿನವರ ಜೊತೆ ಸೇರಿಸಿಬಿಟ್ಟಿದ್ದರು. ಮನೆತನದ ಹೆಸರು ಬೇರೆಯಾದ್ದರಿಂದ ಯಾರಿಗೂ ಸುಳಿವಿರಲಿಲ್ಲ. ಇಟ್ಸೆಲ್ ಅಪರಿಚಿತಳ ಹಾಗೆ ಮುಗುಳ್ನಕ್ಕಳು. ರೊಸೌರಾ ಎದ್ದು ನಿಂತು ಅವಳ ಕೈಕುಲುಕಿ ತನ್ನ ಹೆಸರು ಹೇಳಿಕೊಂಡಳು.

ಪ್ರೊಫೆಸರ್ ಹಾಲ್ವರ್ಸನ್ ಸಮಸ್ಯೆ ಮುಂದಿಟ್ಟರು. ಒಬ್ಬನಿಗೆ ಐಸ್‌ಕ್ರೀಮ್ ಅಂಗಡಿಗಳಿವೆ, ಚಳಿಗಾಲದಲ್ಲಿ ಎಲ್ಲವೂ ನಷ್ಟದಲ್ಲಿ. ಏನು ಮಾಡಬೇಕು? ಗುಂಪಾಗಿ ಚರ್ಚಿಸಿ ಹೇಳಿ ಎಂದು ಅವರು ಪೆನ್ನು ಹಿಡಿದು ಹಿಂದೆ ಒರಗಿದರು.

ಚಳಿಗಾಲ ಮುಗಿಯುವ ತನಕ ಒಂದನ್ನು ಬಿಟ್ಟು ಉಳಿದವನ್ನು ಮುಚ್ಚಬೇಕು ಎಂದಳು ಇಟ್ಸೆಲ್. ಎಲ್ಲರೂ ತಲೆದೂಗಿದರು, ರೊಸೌರಾ ಒಬ್ಬಳನ್ನು ಬಿಟ್ಟು. ಕೆಲಸದವರನ್ನು ಕಳಿಸಿದರೆ ಬೇಸಿಗೆಗೆ ವಾಪಸ್ ಬರುತ್ತಾರೆಯೇ, ಅದರ ಬದಲು ಬಿಸಿ ಚಾಕೊಲೇಟ್, ಸಿಹಿ ಬ್ರೆಡ್ ಮಾರಬಹುದಲ್ಲ ಎಂದಳು. ಹಾಗಾದರೆ ಒಲೆಯ ಖರ್ಚು ಯಾರು ಕೊಡುತ್ತಾರೆ ಎಂದು ಇಟ್ಸೆಲ್ ಬಿಡದೆ ಕೇಳಿದಳು. ಬ್ರೆಡ್ಡನ್ನು ಪಕ್ಕದ ಬೇಕರಿಯಿಂದ ತರಿಸಬಹುದು ಎಂದು ಅಮ್ಮ. ಹಾಗಾದರೆ ಲಾಭ ಬೇಕರಿಯವನಿಗೆ ಎಂದು ಮಗಳು. ಮಾತಿಗೆ ಮಾತು ಬೆಳೆಯಿತು. ಉಳಿದವರ ತಲೆ ಟೆನಿಸ್ ನೋಡುವವರಂತೆ ಅತ್ತಿತ್ತ ತಿರುಗುತ್ತಿತ್ತು. ಇಟ್ಸೆಲ್‌ಗೆ ಸಂದರ್ಶನವೇ ಮರೆತುಹೋಗಿತ್ತು; ಅಡುಗೆಮನೆಯಲ್ಲಿ ವಾದಿಸುವಾಗಿನ ಹುರುಪು ಮೈಗೇರಿತ್ತು.

"ಸ್ವಲ್ಪ ಬಾಯಿ ಮುಚ್ಚು ಮಗಳೇ, ನನ್ನ ಮಾತು ಪೂರ್ತಿ ಕೇಳು," ಎಂದುಬಿಟ್ಟಳು ರೊಸೌರಾ.

ಹಾಲ್ವರ್ಸನ್ ಕನ್ನಡಕದ ಮೇಲಿಂದ ನೋಡಿದರು. ಎಲ್ಲ ಮುಗಿಯಿತು ಎಂದುಕೊಂಡಳು ಇಟ್ಸೆಲ್. ಆದರೂ ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಇವರು ನಮ್ಮಮ್ಮ ಸರ್," ಎಂದಳು.

ಅದು ತಪ್ಪೇನಲ್ಲ ಎಂದರು ಹಾಲ್ವರ್ಸನ್. ಆಮೇಲೆ, ಪ್ರತಿ ಗುಂಪಿಗೂ ಕೊನೆಗೆ ಕೇಳುವ ಪ್ರಶ್ನೆ ಕೇಳಿದರು. ವ್ಯಾಪಾರ ಮಾಡುವುದಾದರೆ ಇಲ್ಲಿರುವವರಲ್ಲಿ ಯಾರನ್ನು ಪಾಲುದಾರರನ್ನಾಗಿ ಆರಿಸಿಕೊಳ್ಳುತ್ತೀರಿ?

"ಅಮ್ಮನ್ನ," ಎಂದಳು ಇಟ್ಸೆಲ್. "ನಾನು ಎಲ್ಲಿ ತಪ್ಪಿದೀನಿ ಅಂತ ಇಲ್ಲಿ ಬಾಯಿಬಿಟ್ಟು ಹೇಳಿದ್ದು ಅವರೊಬ್ರೇ."

ರೊಸೌರಾ ಎಲ್ಲರನ್ನೂ ಒಮ್ಮೆ ನೋಡಿ, ತುದಿಯಲ್ಲಿದ್ದ ಡೆವಿನ್ ಎಂಬ ಹುಡುಗನತ್ತ ಕೈ ತೋರಿಸಿದಳು. ಇಟ್ಸೆಲ್‌ಳ ಮುಖ ಕೆಂಪಾಯಿತು.

"ಇವನು ಎರಡೂ ಕಡೆ ಮಾತು ಸಮಾಧಾನವಾಗಿ ಕೇಳಿಸ್ಕೊಂಡ. ನಾನೂ ಇವಳೂ ಒಂದೇ ಅಂಗಡೀಲಿ ಕೂತ್ರೆ ಗಿರಾಕಿಗಳು ಜಗಳ ನೋಡೋಕೇ ಬರ್ತಾರೆ." ರೊಸೌರಾ ಮಗಳತ್ತ ಕಣ್ಣು ಹಾಯಿಸಿದಳು. "ಆದ್ರೆ ಸರ್, ಇವಳು ಎದುರಂಗಡಿ ಹಾಕಿದ್ರೆ ನನಗೆ ರಾತ್ರಿ ನಿದ್ದೆ ಬರಲ್ಲ."

ಹಾಲ್ವರ್ಸನ್ ಗಟ್ಟಿಯಾಗಿ ನಕ್ಕರು. ಅಮ್ಮ ತನ್ನನ್ನು ಜಾಣೆ, ಮುದ್ದು ಎಂದೆಲ್ಲ ಹೊಗಳಿದ್ದುಂಟು. ತನ್ನ ಪೈಪೋಟಿಗೆ ಹೆದರುವುದಾಗಿ ಹೇಳಿದ್ದು ಇದೇ ಮೊದಲು. ಇಟ್ಸೆಲ್‌ಗೆ ಕುರ್ಚಿಯಿಂದ ಎದ್ದು ಕುಣಿಯಬೇಕೆನಿಸಿತು. ವಾಪಸ್ ಬರುವಾಗ ಬೆಟ್ಟದ ದಾರಿಯುದ್ದಕ್ಕೂ ಕಾರಿನಲ್ಲಿ ಇಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಮಾತಾಡುತ್ತ, ಆ ಅಂಗಡಿಗಳನ್ನು ಉದ್ಧಾರ ಮಾಡುತ್ತಲೇ ಊರು ಸೇರಿದರು.

ಸೇಬಿನ ತೋಟಗಳಲ್ಲಿ ಹೂವು ಉದುರುವ ಹೊತ್ತಿಗೆ ಫಲಿತಾಂಶ ಬಂತು. ಇಟ್ಸೆಲ್ ತನ್ನದನ್ನು ನೋಡಿಕೊಂಡು, ಅಮ್ಮ ಕೆಲಸ ಮಾಡುವ ಹಲ್ಲಿನ ಆಸ್ಪತ್ರೆಗೆ ಓಡಿದಳು. ರೊಸೌರಾ ಆಗಲೇ ಫೋನ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಇಬ್ಬರಿಗೂ ಸೀಟು ಸಿಕ್ಕಿತ್ತು. ಕಾಯುತ್ತಿದ್ದ ರೋಗಿಗಳ ಎದುರೇ ತಾಯಿ ಮಗಳು ತಬ್ಬಿಕೊಂಡು ಅತ್ತರು, ನಕ್ಕರು.

ಕೊನೆಗೆ ಕಣ್ಣೊರೆಸಿಕೊಂಡು ರೊಸೌರಾ ಮಗಳ ಕಿವಿಯ ಹತ್ತಿರ ಬಗ್ಗಿದಳು.

"ಒಂದು ಮಾತು ಕಣೇ. ಕ್ಲಾಸಲ್ಲಿ ನನ್ನ ಪಕ್ಕ ಬಂದು ಕೂತ್ಕೋಬೇಡ. ನನಗೂ ಅಲ್ಲಿ ಹೊಸ ಫ್ರೆಂಡ್ಸ್ ಬೇಕು."